ಹತ್ತರಿಂದ ಇಪ್ಪತ್ತರವರೆಗೆ

ಮುಖ್ಯ ಕಚೇರಿಯಿಂದ ಬಂದದ್ದು ಅರ್ಧ ಪುಟದ ಕಾಗದ. ಅಲ್ಲಿಂದ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಯಾರ ಕಣ್ಣಿಗೂ ಬೀಳದೆ ಕಡತ ಸೇರಿ ಸುಖವಾಗಿ ನಿದ್ದೆ ಹೋಗುತ್ತವೆ. ಇದೂ ಹಾಗೇ ಹೋಗಿದ್ದರೆ ಲಿಸ್ಟಣ್ಣ ತನ್ನ ಪಾಡಿಗೆ ತಾನು ಇರುತ್ತಿದ್ದ. ಆದರೆ ಹೊಸ ಸಾಹೇಬರು ಬಂದು ಎರಡೇ ವಾರವಾಗಿತ್ತು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ; ಸಾಹೇಬರು ಬಂದ ಕಾಗದವನ್ನೆಲ್ಲ ಓದುತ್ತಿದ್ದರು.

ಕಾಗದದಲ್ಲಿ ಇದ್ದದ್ದು ಇಷ್ಟು: 'ಎಂಜಿನಿಯರುಗಳ ಬಾಕಿ ರಜೆ ಬೆಟ್ಟದಷ್ಟು ಬೆಳೆದಿದೆ. ಈ ತಿಂಗಳ ಹತ್ತರಿಂದ ಇಪ್ಪತ್ತನೇ ತಾರೀಕಿನವರೆಗೆ ಯಾರ ಕೈಯಲ್ಲಿ ಚಾಲ್ತಿ ಕಾಮಗಾರಿ ಇಲ್ಲವೋ ಅವರಿಗೆ ರಜೆ ಮಂಜೂರು ಮಾಡಿ. ಕಾಮಗಾರಿ ಇರುವವರಿಗೆ ಕೊಡಕೂಡದು. ಇಂದು ಸಂಜೆಯೊಳಗೆ ವರದಿ ಕಳಿಸಿ.'

ಅಂದು ಎಂಟನೇ ತಾರೀಕು. ಸಾಹೇಬರು ಲಿಸ್ಟಣ್ಣನನ್ನು ಕರೆಸಿದರು.

ಅದು ಪಟ್ಟಣದ ಸೇತುವೆ, ಚರಂಡಿ, ನೀರಿನ ಟ್ಯಾಂಕು, ಉದ್ಯಾನ ಇವನ್ನೆಲ್ಲ ಕಟ್ಟಿಸುವ, ಕೆಟ್ಟರೆ ದುರಸ್ತಿ ಮಾಡಿಸುವ ಕಚೇರಿ. ಸಾಹೇಬರನ್ನು ಬಿಟ್ಟರೆ ಎಂಜಿನಿಯರುಗಳು ಹತ್ತು ಜನ. ಅಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಅವರವರ ಕಾಮಗಾರಿಯಿಂದಲೇ. ಸೇತುವೆ ಕಟ್ಟಿಸುವವರು ಸೇತುವೆಯವರು, ಚರಂಡಿ ನೋಡಿಕೊಳ್ಳುವವರು ಚರಂಡಿ ಮೇಡಂ. ಮೊದಮೊದಲು ಮೇಡಂ ಇದಕ್ಕೆ ಸಿಡಿಮಿಡಿಗೊಂಡಿದ್ದರು, ಈಗ ಫೋನೆತ್ತಿದರೆ ತಾವೇ ಹಾಗೆ ಹೇಳಿಕೊಳ್ಳುತ್ತಾರೆ. ನಮ್ಮ ಲಿಸ್ಟಣ್ಣನೂ ಓದಿದ್ದು ಎಂಜಿನಿಯರಿಂಗೇ. ಆದರೆ ಕಚೇರಿಗೆ ಮೊದಲ ಕಂಪ್ಯೂಟರ್ ಬಂದ ದಿನ ಅದರ ಗುಂಡಿ ಯಾವುದು ಎಂದು ಗೊತ್ತಿದ್ದವನು ಅವನೊಬ್ಬನೇ. ಆ ಒಂದು ತಪ್ಪಿಗೆ ಅವನನ್ನು ಅದರ ಮುಂದೆ ಕೂರಿಸಿದವರು ಮತ್ತೆ ಏಳಿಸಲಿಲ್ಲ. ಕಚೇರಿಯ ಕಾಮಗಾರಿಗಳ ಡೇಟಾಬೇಸ್ ಅವನ ಕೈಯಲ್ಲಿತ್ತು. ಯಾರಿಗೆ ಯಾವ ಪಟ್ಟಿ ಬೇಕಾದರೂ ಅವನ ಮೇಜಿಗೇ ಬರಬೇಕು.

ಸಾಹೇಬರು ಸಮಾಧಾನಿ. ಸಿಟ್ಟು ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಕಾಗದವನ್ನು ಲಿಸ್ಟಣ್ಣನ ಕಡೆ ತಿರುಗಿಸಿ ಇಟ್ಟರು.

"ನೋಡ್ರೀ, ನಾನಿಲ್ಲಿಗೆ ಹೊಸಬ. ಯಾರ ಕೈಲಿ ಏನಿದೆ ಅಂತ ನಂಗೆ ಗೊತ್ತಿಲ್ಲ. ಹತ್ತರಿಂದ ಇಪ್ಪತ್ತರವರೆಗೆ ಚಾಲ್ತಿ ಇರೋ ಕಾಮಗಾರಿಗಳು, ಅದರ ಮುಂದೆ ನೋಡಿಕೊಳ್ಳೋರ ಹೆಸರು. ಇಷ್ಟು ಕೊಡಿ ಸಾಕು. ಪಟ್ಟಿಯಲ್ಲಿ ಇದ್ದೋರಿಗೆ ಇಲ್ಲ, ಇಲ್ಲದೋರಿಗೆ ಉಂಟು."

ಲಿಸ್ಟಣ್ಣ ತಾರೀಕನ್ನು ಇನ್ನೊಮ್ಮೆ ಓದಿದ. ಹತ್ತರಿಂದ ಇಪ್ಪತ್ತು! ಅವನು ಸಮುದ್ರದ ದಡದಲ್ಲಿ ಕೋಣೆ ಕಾಯ್ದಿರಿಸಿದ್ದದ್ದೂ ಸರಿಯಾಗಿ ಅದೇ ಹತ್ತು ದಿನಕ್ಕೆ. ಆರು ವರ್ಷದಿಂದ ಅವನಿಗೆ ನೆಟ್ಟಗೆ ನಾಲ್ಕು ದಿನ ರಜೆ ಸಿಕ್ಕಿರಲಿಲ್ಲ. ಹಳೇ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಅವನ ಹೆಸರಿನಲ್ಲಿತ್ತು, ಕೇಳಿದಾಗಲೆಲ್ಲ ಹಿಂದಿನ ಸಾಹೇಬರು "ನಿಮ್ದು ಕಾಮಗಾರಿ ನಡೀತಿದೆಯಲ್ರೀ" ಎಂದು ಅರ್ಜಿ ವಾಪಸು ಕೊಡುತ್ತಿದ್ದರು. ಆ ಕೆಲಸ ಹೋದ ತಿಂಗಳು ಮುಗಿದಿತ್ತು. ಅಂದೇ ಅವನು ಡೇಟಾಬೇಸಿನಲ್ಲಿ ಮುಗಿದ ದಿನಾಂಕ ಹಾಕಿ, ಮನೆಗೆ ಹೋಗಿ, ಮಗಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ್ದ. ಮಗಳಿಗೆ ಎಂಟು ವರ್ಷ. ಸಮುದ್ರ ಕಂಡಿಲ್ಲ. "ಅಪ್ಪಾ, ಆ ಕಡೆ ದಡ ಕಾಣೋದೇ ಇಲ್ವಂತೆ, ನಿಜವಾ?" ಎಂದು ಆವತ್ತಿನಿಂದ ದಿನಕ್ಕೆ ಮೂರು ಸಲ ಕೇಳುತ್ತಿದ್ದಳು. ಅವಳನ್ನು ಮೊದಲ ಅಲೆಗೆ ತಾನೇ ಕೈ ಹಿಡಿದು ನಿಲ್ಲಿಸಬೇಕು ಎನ್ನುವುದು ಲಿಸ್ಟಣ್ಣನ ಆಸೆ. ಅದಕ್ಕಿಂತ ದೊಡ್ಡ ಆಸೆ ಅವನಿಗೆ ಸದ್ಯಕ್ಕೆ ಇರಲಿಲ್ಲ.

ಓಡೋಡಿ ಬಂದು ಕುರ್ಚಿಯಲ್ಲಿ ಕೂತ. ಡೇಟಾಬೇಸಿಗೆ ಪ್ರಶ್ನೆ ಕೇಳುವುದನ್ನು ಕ್ವೆರಿ ಬರೆಯುವುದು ಎನ್ನುತ್ತಾರೆ. ಸಾವಿರ ಕ್ವೆರಿ ಬರೆದ ಕೈ ಅದು. ಆದರೆ ಮನಸ್ಸು ಆಗಲೇ ಮರಳಿನ ಮೇಲೆ ನಡೆಯುತ್ತಿತ್ತು. ಹತ್ತರಿಂದ ಇಪ್ಪತ್ತು ತಾನೇ ಎಂದುಕೊಂಡು ಟಪಟಪ ಕುಟ್ಟಿದ: ಶುರುವಾಗುವ ದಿನ ಹತ್ತು ಅಥವಾ ಅದರ ನಂತರ ಇರಬೇಕು, ಮುಗಿಯುವ ದಿನ ಇಪ್ಪತ್ತು ಅಥವಾ ಅದರ ಮುಂಚೆ ಇರಬೇಕು. ಗುಂಡಿ ಒತ್ತಿದ.

ಪರದೆಯ ಮೇಲೆ ಒಂದೇ ಒಂದು ಸಾಲು ಬಂತು. ಉದ್ಯಾನದ ಬೆಂಚುಗಳಿಗೆ ಬಣ್ಣ ಬಳಿಯುವುದು, ಹನ್ನೆರಡರಿಂದ ಹದಿನಾಲ್ಕು, ನೋಡಿಕೊಳ್ಳುವವರು ಉದ್ಯಾನದವರು.

ತನ್ನ ಹೆಸರಿಲ್ಲ! ಲಿಸ್ಟಣ್ಣ ಇನ್ನೊಮ್ಮೆ ನೋಡಿದ. ಇಲ್ಲವೇ ಇಲ್ಲ. ಸಂತೋಷದಲ್ಲಿ ಮನುಷ್ಯನಿಗೆ ಕಣ್ಣು ಇರುತ್ತದೆ, ದೃಷ್ಟಿ ಇರುವುದಿಲ್ಲ. ಉಳಿದವರ ಹೆಸರೂ ಇಲ್ಲವಲ್ಲ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಪಟ್ಟಿ ಅಚ್ಚು ಹಾಕಿ, ಕೆಳಗೆ 'ಪರಿಶೀಲಿಸಿದೆ' ಎಂದು ಬರೆದು, ಸಹಿ ಮಾಡಿ ಸಾಹೇಬರಿಗೆ ಕೊಟ್ಟ.

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಹತ್ತು ಜನ ಎಂಜಿನಿಯರು, ಕೆಲಸ ಅಂದ್ರೆ ಬೆಂಚಿಗೆ ಬಣ್ಣ ಒಂದೇನಾ?"

"ಡೇಟಾಬೇಸ್ ಹಾಗೆ ಹೇಳುತ್ತೆ ಸಾರ್."

"ಹಿಂದಿನ ಸಾಹೇಬರು ಬಹಳ ದಕ್ಷರಿರಬೇಕು, ಎಲ್ಲ ಮುಗಿಸಿಬಿಟ್ಟು ಹೋಗಿದಾರೆ" ಎಂದು ಸಾಹೇಬರು ತಲೆದೂಗಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಮನುಷ್ಯ ಅವರು. ಪಟ್ಟಿಯನ್ನು ಗೋಡೆಯ ಹಲಗೆಗೆ ಅಂಟಿಸಲು ಹೇಳಿದರು.

ಹಲಗೆಯ ಮುಂದೆ ಮೊದಲು ಬಂದು ನಿಂತವರು ಸೇತುವೆಯವರು. ಕಚೇರಿಗೆಲ್ಲ ಹಿರಿಯರು, ಮೈಕೈ ತುಂಬಿಕೊಂಡ ಆಳು. ಅವರ ಸೇತುವೆ ಶುರುವಾಗಿ ಎರಡು ವರ್ಷ, ಮುಗಿಯಲು ಇನ್ನೊಂದು ವರ್ಷ ಬೇಕು. ಕಿಟಕಿಯಿಂದ ನೋಡಿದರೆ ಅದರ ಕಂಬಗಳು ಕಾಣುತ್ತಿದ್ದವು. ಅವರು ಪಟ್ಟಿಯನ್ನು ನೋಡಿದರು, ಕಿಟಕಿಯಾಚೆ ಕಂಬಗಳನ್ನು ನೋಡಿದರು, ಮತ್ತೆ ಪಟ್ಟಿಯನ್ನು ನೋಡಿದರು. ಆಮೇಲೆ ತಮ್ಮ ಜಾಗಕ್ಕೆ ಹೋಗಿ ರಜೆ ಅರ್ಜಿ ಬರೆಯತೊಡಗಿದರು. ಹಿಂದೆಯೇ ಚರಂಡಿ ಮೇಡಂ ಬಂದರು. ಅವರ ಚರಂಡಿ ಊರಿನ ಅರ್ಧ ರಸ್ತೆಗಳನ್ನು ಅಗೆದು ಬಾಯಿ ಬಿಟ್ಟುಕೊಂಡು ಕೂತಿತ್ತು. ಅವರೂ ಪಟ್ಟಿ ಓದಿ, ಗಂಭೀರವಾಗಿ ಹೋಗಿ, ಅರ್ಜಿ ಬರೆದರು. ಹನ್ನೊಂದೂವರೆಯೊಳಗೆ ಸಾಹೇಬರ ಮೇಜಿನ ಮೇಲೆ ಎಂಟು ಅರ್ಜಿಗಳು ಬಿದ್ದಿದ್ದವು.

ಉದ್ಯಾನದವರು ಮಾತ್ರ ಕೆಂಡಾಮಂಡಲವಾಗಿ ಲಿಸ್ಟಣ್ಣನ ಮೇಜಿಗೆ ಬಂದರು. "ಏನಯ್ಯಾ ಇದು? ಇಡೀ ಕಚೇರೀಲಿ ನಾನೊಬ್ಬನೇ ಪಾಪಿನಾ? ಮೂರು ದಿನ ಬಣ್ಣ ಬಳಿಯೋದಕ್ಕೆ ನನ್ನ ರಜೆ ಹೋಗ್ಬೇಕಾ?"

"ನಾನೇನ್ ಮಾಡ್ಲಿ ಸಾರ್, ದಿನಾಂಕ ಹಾಕಿದ್ದು ನೀವೇ."

"ಹಾಕಿದ್ದೇ ತಪ್ಪಾಯ್ತು ನೋಡು" ಎಂದು ಗೊಣಗಿಕೊಂಡು ಅವರು ಹೋದರು.

ಅತ್ತ ಲಿಸ್ಟಣ್ಣನಿಗೆ ರಾಜಮರ್ಯಾದೆ ಶುರುವಾಯಿತು. ಹನ್ನೆರಡು ವರ್ಷದಲ್ಲಿ ಒಂದು ಲೋಟ ನೀರು ಬೇಕಾ ಎಂದು ಕೇಳದಿದ್ದವರು ಈಗ ಸಾಲಾಗಿ ಕಾಫಿ ಕಳಿಸಿದರು. ಮೂರು ಲೋಟ ಕಾಫಿ ಅವನ ಮೇಜಿನ ಮೇಲೆ ಆರುತ್ತಿತ್ತು. ಸೇತುವೆಯವರು ಬಂದು ಬೆನ್ನು ತಟ್ಟಿದರು.

"ಲಿಸ್ಟಣ್ಣ, ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು ಕಣೋ. ನೀನೂ ಹೋಗ್ತಿದೀಯಾ ಎಲ್ಲಾದ್ರೂ?"

"ಹೂಂ ಸಾರ್, ಸಮುದ್ರದ ಕಡೆ. ಕಿಟಕಿ ತೆಗೆದ್ರೆ ನೀರು ಕಾಣೋ ಕೋಣೆ. ಮೂರು ಮಂಚ ಇದೆಯಂತೆ."

"ಓಹೋ! ನಾವೂ ಅದೇ ಕಡೆಗೇ ಹೊರಟಿದೀವಿ. ಆದ್ರೆ ಒಂದು ಕಡೇನೂ ಜಾಗ ಇಲ್ಲ ಅಂತಿದಾರಪ್ಪ" ಎಂದು ಅವರು ಕೊರಗಿದರು. "ಎಲ್ಲಿ, ಅರ್ಜಿ ಕೊಟ್ಯಾ?"

ಕೊಟ್ಟಿರಲಿಲ್ಲ. ಲಿಸ್ಟಣ್ಣನ ಅರ್ಜಿ ಅವನ ಅಂಗಿಯ ಜೇಬಿನಲ್ಲೇ ಬೆಚ್ಚಗಿತ್ತು. ಪಟ್ಟಿ ಮಾಡಿದವನೇ ಎಲ್ಲರಿಗಿಂತ ಮೊದಲು ಅರ್ಜಿ ಹಿಡಿದು ಓಡಿದರೆ ನೋಡಿದವರು ಏನೆಂದುಕೊಂಡಾರು ಎಂದು ಅವನಿಗೆ ಸಂಕೋಚ. ಎಲ್ಲರದ್ದೂ ಆಗಲಿ, ತನ್ನದು ಕೊನೆಗೆ ಎಂದುಕೊಂಡಿದ್ದ. ಊಟದ ಹೊತ್ತಿಗೆ ಹೆಂಡತಿ ಫೋನ್ ಮಾಡಿದಾಗ ಹಾಗೇ ಹೇಳಿದ.

"ನಿಮ್ಮ ಹಣೇಬರಹನೇ ಇಷ್ಟು ಕಣ್ರೀ" ಎಂದಳು ಅವಳು. "ಊಟಕ್ಕೆ ಕೂತ್ರೂ ಕೊನೇ ಪಂಕ್ತಿ. ಎದ್ದು ಹೋಗಿ ಕೊಟ್ಟು ಬನ್ನಿ. ಇವಳು ಬೆಳಗಿಂದ ಬಕೆಟ್ಟು ಸಲಿಕೆ ಎಲ್ಲ ಚೀಲಕ್ಕೆ ತುಂಬಿ ಕೂತಿದಾಳೆ."

"ಕೊಡ್ತೀನಿ ಮಾರಾಯ್ತಿ, ಎಲ್ಲಿ ಓಡಿಹೋಗುತ್ತೆ" ಎಂದು ಅವನು ನಕ್ಕ.

ಊಟಕ್ಕೆ ಹೊರಗೆ ಹೋಗಲೆಂದು ನೋಡಿದರೆ ಕೊಡೆ ಇಲ್ಲ. ಹೊರಗೆ ಸುಡುಬಿಸಿಲು. ಬೆಳಿಗ್ಗೆ ಬಂದಾಗ ಬಾಗಿಲ ಹಿಂದೆ ನೇತು ಹಾಕಿದ್ದು ಚೆನ್ನಾಗಿ ನೆನಪಿತ್ತು, ಹತ್ತಕ್ಕೂ ಅಲ್ಲೇ ಇತ್ತು, ಹನ್ನೊಂದಕ್ಕೆ ನೋಡಿದಾಗ ಇರಲಿಲ್ಲ. ಲಿಸ್ಟಣ್ಣ ಗೇಟಿನ ಕಾವಲುಗಾರನ ಹತ್ತಿರ ಹೋದ. ಕಾವಲುಗಾರನಿಗೆ ವಯಸ್ಸಾಗಿತ್ತು, ಆದರೆ ಪುಸ್ತಕ ಬರೆಯುವುದರಲ್ಲಿ ಬಲು ಶಿಸ್ತು. ಬಂದವರ ಹೊತ್ತು, ಹೋದವರ ಹೊತ್ತು ಒಂದೂ ಬಿಡುತ್ತಿರಲಿಲ್ಲ.

"ತಾತ, ಹತ್ತರಿಂದ ಹನ್ನೊಂದರ ತನಕ ಒಳಗೆ ಯಾರ್ಯಾರಿದ್ರು, ಸ್ವಲ್ಪ ನೋಡಿ ಹೇಳಿ."

ತಾತ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. ಮೇಲಿಂದ ಕೆಳಗೆ ಬೆರಳಾಡಿಸಿದ. "ನೀರಿನ ಕ್ಯಾನಿನವನು. ಹತ್ತೂಕಾಲಿಗೆ ಬಂದ, ಹತ್ತೂವರೆಗೆ ಹೋದ. ಅವನೊಬ್ಬನೇ."

"ಅವನೊಬ್ಬನೇನಾ? ಮತ್ತೆ ನಾನು? ಸಾಹೇಬ್ರು? ಸೇತುವೆಯವರು?"

"ನೀವೆಲ್ಲ ಒಂಬತ್ತೂವರೆಗೇ ಬಂದ್ರಲ್ಲ ಸ್ವಾಮಿ. ಹನ್ನೊಂದರ ತನಕ ಯಾರೂ ಹೋಗಿಲ್ಲ. ನೀವು ಕೇಳಿದ್ದು ಹತ್ತರಿಂದ ಹನ್ನೊಂದು. ಹತ್ತಾದ್ಮೇಲೆ ಬಂದು ಹನ್ನೊಂದರೊಳಗೆ ಹೋದೋನು ಅವನೊಬ್ಬನೇ."

"ಅಲ್ಲ ತಾತ, ನಾವೆಲ್ಲ ಒಳಗೇ ಇದ್ವಲ್ಲ! ಮೊದಲೇ ಬಂದು, ಹನ್ನೊಂದಾದ್ರೂ ಹೋಗ್ದೆ ಇದ್ದೋರು ಒಳಗೆ ಇದ್ದ ಹಾಗಲ್ವಾ?" ಎಂದು ನಗುತ್ತ ಹೇಳುತ್ತಿದ್ದವನು ಅರ್ಧಕ್ಕೇ ನಿಂತ. ಬಾಯಿ ತೆರೆದೇ ಇತ್ತು.

ಅಯ್ಯೋ ದೇವರೇ! ಬೆಳಿಗ್ಗೆ ತಾನು ಡೇಟಾಬೇಸಿಗೆ ಕೇಳಿದ್ದೂ ಇದನ್ನೇ. ಹತ್ತಕ್ಕೆ ಮೇಲೆ ಬಂದು ಇಪ್ಪತ್ತರೊಳಗೆ ಹೋಗುವವರನ್ನು ಮಾತ್ರ ಎಣಿಸಿದೆ. ಮೊದಲೇ ಬಂದು ಬೀಡುಬಿಟ್ಟವರನ್ನು ಬಿಟ್ಟೇಬಿಟ್ಟೆ. ಬೆಂಚು ಸಿಕ್ಕಿತು, ಸೇತುವೆ ಸಿಗಲಿಲ್ಲ!

"ಕೊಡೆ ಬೇಕಿತ್ತಾ?" ಎಂದ ತಾತ. "ಅದನ್ನ ಸೇತುವೆಯವರು ಹಿಡ್ಕೊಂಡು ಈಗಷ್ಟೇ ಪೇಟೆಗೆ ಹೋದ್ರು. ಈಜೋ ಚಡ್ಡಿ ತರ್ಬೇಕಂತೆ."

ಲಿಸ್ಟಣ್ಣ ಊಟ ಬಿಟ್ಟು ಒಳಗೆ ಓಡಿದ. ಕ್ವೆರಿ ತಿದ್ದಿದ: ಇಪ್ಪತ್ತರೊಳಗೆ ಶುರುವಾಗಿರಬೇಕು, ಹತ್ತಕ್ಕೆ ಮುಂಚೆ ಮುಗಿದಿರಬಾರದು, ಅಷ್ಟೇ. ಗುಂಡಿ ಒತ್ತಿದ. ಸಾಲುಗಳು ಇರುವೆಗಳಂತೆ ಹೊರಟವು. ಸೇತುವೆ, ನೀರಿನ ಟ್ಯಾಂಕು, ಬಸ್ ನಿಲ್ದಾಣದ ಚಾವಣಿ, ಬೀದಿದೀಪ. ಒಂಬತ್ತು ಕಾಮಗಾರಿಗಳು. ಆದರೆ ಅದರಲ್ಲಿ ಚರಂಡಿ ಇರಲಿಲ್ಲ. ನೋಡಿದರೆ ಚರಂಡಿಗೂ ಇನ್ನೆರಡಕ್ಕೂ ಮುಗಿಯುವ ದಿನಾಂಕವನ್ನೇ ಯಾರೂ ಹಾಕಿರಲಿಲ್ಲ. ಖಾಲಿ ಬಿಟ್ಟಿದ್ದರು. ಅವನು ಚರಂಡಿ ಮೇಡಂ ಹತ್ತಿರ ಹೋದ. ಅವರು ಸೂಟ್‌ಕೇಸಿನ ಬೀಗದ ಕೈಗೆ ದಾರ ಕಟ್ಟುತ್ತಿದ್ದರು.

"ಮೇಡಂ, ನಿಮ್ಮ ಚರಂಡಿ ಮುಗಿಯೋದು ಯಾವಾಗ?"

"ಮುಗಿಯೋದು ಅಂದ್ರೆ?" ಎಂದು ಮೇಡಂ ನಿಜವಾಗಿಯೂ ಆಶ್ಚರ್ಯಪಟ್ಟರು. "ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಅಗೀಬೇಕು. ಚರಂಡಿ ಅನ್ನೋದು ಮುಗಿಯೋ ವಸ್ತು ಅಲ್ಲ ಲಿಸ್ಟಣ್ಣ."

"ಹಾಗಾದ್ರೆ ಹತ್ತರಿಂದ ಇಪ್ಪತ್ತರ ತನಕ ಚಾಲ್ತಿ ಇರುತ್ತೆ?"

ಮೇಡಂ ಮುಖ ಬಿಗಿಯಾಯಿತು. ದಾರ ಕೆಳಗಿಟ್ಟರು. "ಯಾಕೆ ಕೇಳ್ತಿದೀರಿ?"

ಲಿಸ್ಟಣ್ಣ ತನ್ನ ಜಾಗಕ್ಕೆ ಬಂದು ಖಾಲಿ ಬಿಟ್ಟವನ್ನೂ ಸೇರಿಸಿದ. ಒಟ್ಟು ಹನ್ನೆರಡು. ಬೆಂಚೂ ಅದರೊಳಗೇ. ಅವುಗಳ ಮುಂದೆ ಒಂಬತ್ತು ಜನರ ಹೆಸರು. ಇಡೀ ಕಚೇರಿಯಲ್ಲಿ ಹೆಸರಿಲ್ಲದವನು ಒಬ್ಬನೇ ಒಬ್ಬ. ಅವನು ತಾನೇ.

ಅಲ್ಲಿ ಕೂತು ಲಿಸ್ಟಣ್ಣ ಬಹಳ ಹೊತ್ತು ಯೋಚಿಸಿದ. ಬಾಯಿ ಮುಚ್ಚಿಕೊಂಡು ಇದ್ದುಬಿಟ್ಟರೆ ಎಲ್ಲರೂ ಸುಖ, ಸಮುದ್ರವೂ ಉಂಟು. ಆದರೆ ಐದನೇ ದಿನ ಚರಂಡಿಯಲ್ಲಿ ಯಾರಾದರೂ ಬಿದ್ದರೆ? ಪಟ್ಟಿಯ ಕೆಳಗೆ 'ಪರಿಶೀಲಿಸಿದೆ' ಎಂದು ಸಹಿ ಹಾಕಿದವನು ಯಾರು? ಮಗಳ ಕೈ ಹಿಡಿದು ನೀರಿನಲ್ಲಿ ನಿಂತಿರುವಾಗಲೇ ಫೋನ್ ಬರುತ್ತದೆ, ಎಲ್ಲ ಬಿಟ್ಟು ಓಡಿ ಬರಬೇಕಾಗುತ್ತದೆ. ಅದರ ಬದಲು ಈಗಲೇ ನಿಜ ಹೇಳಿಬಿಟ್ಟರೆ ಸರಿಯಾದ ಪಟ್ಟಿಯಲ್ಲೂ ತನ್ನ ಹೆಸರಿಲ್ಲವಲ್ಲ! ತನ್ನ ರಜೆಯನ್ನು ಯಾರೂ ಮುಟ್ಟುವಂತಿಲ್ಲ. ಸತ್ಯವೂ ಉಳಿಯುತ್ತದೆ, ಸಮುದ್ರವೂ ಸಿಗುತ್ತದೆ. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆಯುತ್ತಿದ್ದೇನೆ ಎಂಬ ಅನುಮಾನ ಅವನಿಗೆ ಕಿಂಚಿತ್ತೂ ಬರಲಿಲ್ಲ.

ಹೊಸ ಪಟ್ಟಿ ಅಚ್ಚು ಹಾಕಿ ಎದ್ದರೆ ಬಾಗಿಲಲ್ಲಿ ಸೇತುವೆಯವರು ನಿಂತಿದ್ದರು. ಹಿಂದೆ ಚರಂಡಿ ಮೇಡಂ. ಅವರ ಹಿಂದೆ ಇನ್ನೂ ಆರು ಮುಖಗಳು. ಸೇತುವೆಯವರ ತಲೆಯ ಮೇಲೆ ಹೊಸ ಹುಲ್ಲಿನ ಟೋಪಿ, ಅದರ ಚೀಟಿ ಇನ್ನೂ ನೇತಾಡುತ್ತಿತ್ತು.

"ಎಲ್ಲಿಗೆ ಸವಾರಿ?"

"ಸಾರ್, ಪಟ್ಟಿ ತಪ್ಪಾಗಿದೆ. ನಿಮ್ಮ ಸೇತುವೆ ಬಿಟ್ಟುಹೋಗಿದೆ."

"ಬಿಟ್ಟುಹೋದ್ರೆ ಹೋಗ್ಲಿ ಬಿಡೋ. ಅದೇನು ಹತ್ತು ದಿನದಲ್ಲಿ ಎದ್ದು ಓಡಿಹೋಗುತ್ತಾ?"

"ನಿಮಗೆ ಬೆಳಿಗ್ಗೇನೇ ಗೊತ್ತಿತ್ತಾ ಸಾರ್?"

"ನನ್ನ ಸೇತುವೆ ನಂಗೆ ಗೊತ್ತಿರಲ್ವೇನೋ?" ಎಂದರು ಅವರು, ಸ್ವಲ್ಪವೂ ನಾಚದೆ. "ಆದ್ರೆ ಡೇಟಾಬೇಸ್‌ಗಿಂತ ನಾನು ದೊಡ್ಡೋನಾ? ಅದು ಇಲ್ಲ ಅಂದ್ಮೇಲೆ ಇಲ್ಲ. ಎದುರು ಮಾತಾಡೋಕೆ ನಾನ್ಯಾರು?"

"ಲಿಸ್ಟಣ್ಣ," ಎಂದು ಮೇಡಂ ದನಿ ತಗ್ಗಿಸಿದರು, "ನನ್ನ ಅಮ್ಮನ್ನ ನೋಡಿ ಮೂರು ವರ್ಷ ಆಯ್ತು. ನಿಮಗೂ ಮಗಳಿದಾಳೆ. ಯೋಚ್ನೆ ಮಾಡಿ."

ಲಿಸ್ಟಣ್ಣ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದ. ಪಾಪ, ಅವರೂ ಮನುಷ್ಯರೇ. ಒಂದು ಕ್ಷಣ ಪಟ್ಟಿ ಹರಿದುಬಿಡಲೇ ಎನ್ನಿಸಿತು. ಆದರೆ ಆ ಸಹಿ ನೆನಪಾಯಿತು. "ಕ್ಷಮಿಸಿ ಮೇಡಂ" ಎಂದವನೇ ಸೇತುವೆಯವರ ತೋಳಿನ ಕೆಳಗೆ ತೂರಿಕೊಂಡು ಸಾಹೇಬರ ಕೋಣೆಗೆ ನುಗ್ಗಿದ. ಹಿಂದೆ ಯಾರೋ "ಮನೆಹಾಳ!" ಎಂದದ್ದು ಕೇಳಿಸಿತು.

ಸಾಹೇಬರು ಚಹಾ ಕುಡಿಯುತ್ತಿದ್ದರು. ಲಿಸ್ಟಣ್ಣ ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದ. ಕಾವಲುಗಾರನ ಪುಸ್ತಕ, ನೀರಿನ ಕ್ಯಾನಿನವನು, ಮೊದಲೇ ಬಂದು ಕೂತವರು, ಒಂದನ್ನೂ ಬಿಡಲಿಲ್ಲ. ಒಂದು ಕೈಯಲ್ಲಿ ಹೊಸ ಪಟ್ಟಿ ಕೊಟ್ಟ, ಅದರ ಮೇಲೆ ಜೇಬಿನಿಂದ ತೆಗೆದ ತನ್ನ ಅರ್ಜಿಯನ್ನೂ ಇಟ್ಟ.

ಸಾಹೇಬರು ಪೂರ್ತಿ ಕೇಳಿದರು. ಸಿಟ್ಟು ಮಾಡಲಿಲ್ಲ. "ಭೇಷ್" ಎಂದರು. "ತಪ್ಪು ಮಾಡೋರು ಬಹಳ ಜನ ಇರ್ತಾರೆ, ತಾವಾಗೇ ಬಂದು ಹೇಳೋರು ಕಮ್ಮಿ. ಆದ್ರೆ ಸ್ವಲ್ಪ ತಡ ಮಾಡಿದ್ರಿ. ಎಂಟು ಜನರ ರಜೆ ಮಂಜೂರಾಗಿ ಮೂರು ಗಂಟೆಗೇ ಮುಖ್ಯ ಕಚೇರಿಗೆ ಹೋಯ್ತು. ಸ್ವೀಕರಿಸಿದ್ದೇವೆ ಅಂತ ಉತ್ತರಾನೂ ಬಂತು."

"ರದ್ದು ಮಾಡೋಕಾಗಲ್ವಾ ಸಾರ್?"

"ಧಾರಾಳವಾಗಿ ಮಾಡ್ಬಹುದು. ಕಾರಣ ಬರೀಬೇಕು ಅಷ್ಟೇ. 'ಪಟ್ಟಿ ತಯಾರಿಸಿ, ಪರಿಶೀಲಿಸಿ, ಸಹಿ ಮಾಡಿದವರ ತಪ್ಪಿನಿಂದ' ಅಂತ ಬರೀಲಾ?"

ಲಿಸ್ಟಣ್ಣ ತಕ್ಷಣ ಕೈಯಾಡಿಸಿದ. "ಬೇಡ ಸಾರ್."

"ಬೇಡ. ನಂಗೂ ಹಾಗೇ ಅನ್ನಿಸ್ತು. ಹೋಗಿ ಬರ್ಲಿ ಬಿಡಿ ಪಾಪ." ಸಾಹೇಬರು ಚಹಾ ಮುಗಿಸಿ ಹೊಸ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಈ ಪಟ್ಟಿ ಈಗ ಬಹಳ ಉಪಯೋಗಕ್ಕೆ ಬಂತು ನೋಡಿ. ಹನ್ನೆರಡು ಕಾಮಗಾರಿ ಚಾಲ್ತಿ ಇದೆ. ನೋಡಿಕೊಳ್ಳೋರು ಊರಲ್ಲಿ ಇರಲ್ಲ. ಯಾರಾದ್ರೂ ಎಂಜಿನಿಯರು ನೋಡ್ಕೋಬೇಕಲ್ಲ? ಈ ಹತ್ತು ದಿನ ಕೈಯಲ್ಲಿ ಕಾಮಗಾರಿ ಇಲ್ದೆ ಖಾಲಿ ಇರೋರು ಯಾರಿದಾರೆ, ಸ್ವಲ್ಪ ಹೇಳಿ."

ಲಿಸ್ಟಣ್ಣನಿಗೆ ಇನ್ನೂ ಹೊಳೆಯಲಿಲ್ಲ. ಹೆಮ್ಮೆಯಿಂದಲೇ ಹೇಳಿದ, "ನಾನೊಬ್ಬನೇ ಸಾರ್."

ಹೇಳಿದ ಮೇಲೆ ಹೊಳೆಯಿತು. ಆದರೆ ಆಡಿದ ಮಾತು, ಒಡೆದ ಮುತ್ತು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದರು ಸಾಹೇಬರು. ಪೆನ್ನು ತೆಗೆದು ಪಟ್ಟಿಯಲ್ಲಿ ಒಂದೊಂದೇ ಹೆಸರು ಹೊಡೆದು ಪಕ್ಕದಲ್ಲಿ ಬೇರೆ ಹೆಸರು ಬರೆಯತೊಡಗಿದರು. ಅವರ ಅಕ್ಷರ ಬಹಳ ದುಂಡಾಗಿತ್ತು.

"ಸಾರ್, ಉದ್ಯಾನದವರು ಇದಾರಲ್ಲ ಸಾರ್, ಅವರಿಗೂ ರಜೆ ಸಿಕ್ಕಿಲ್ಲ. ಅರ್ಧ ಅವರಿಗೆ…"

"ಅವರ ಕೈಯಲ್ಲಿ ಚಾಲ್ತಿ ಕೆಲಸ ಇದೆಯಲ್ರೀ, ಬೆಂಚು. ಅದು ಹಳೇ ಪಟ್ಟಿಯಲ್ಲೂ ಇತ್ತು, ಹೊಸದರಲ್ಲೂ ಇದೆ. ಕೆಲಸ ಇರೋರ ಮೇಲೆ ಕೆಲಸ ಹೇರೋದು ತಪ್ಪು." ಹನ್ನೊಂದನೇ ಹೆಸರು ಬರೆದು ಪೆನ್ನು ಮುಚ್ಚಿದರು. ಆಮೇಲೆ ಅವನ ರಜೆ ಅರ್ಜಿಯನ್ನು ಕೈಗೆತ್ತಿಕೊಂಡು, ಓದಿ, ಬೇಸರದಿಂದ ತಲೆಯಾಡಿಸಿದರು. "ಹತ್ತರಿಂದ ಇಪ್ಪತ್ತಾ? ಛೆ. ನಿಯಮ ನಿಮಗೇ ಗೊತ್ತಲ್ಲ. ನಿಮ್ಮ ಕೈಲಿ ಹನ್ನೊಂದು ಕಾಮಗಾರಿ ನಡೀತಿದೆಯಲ್ರೀ."

ಲಿಸ್ಟಣ್ಣ ತನ್ನ ಜಾಗಕ್ಕೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. 'ಮನೆಹಾಳ' ಎಂದವರೇ ಈಗ ಕೈ ಹಿಡಿದು ಕುಲುಕಿದರು. ಒಬ್ಬೊಬ್ಬರಾಗಿ ಬಂದು ಕೆಲಸ ಒಪ್ಪಿಸಿ ಹೋದರು. ಮೇಜಿನ ಮೇಲೆ ಎಂಟು ಹೆಲ್ಮೆಟ್ಟುಗಳು, ಹದಿನಾರು ಬೀಗದ ಕೈಗಳು, ಗುತ್ತಿಗೆದಾರರ ಫೋನ್ ನಂಬರು ಬರೆದ ಚೀಟಿಗಳು ರಾಶಿ ಬಿದ್ದವು. ಚರಂಡಿ ಮೇಡಂ ತಮ್ಮ ರಬ್ಬರ್ ಬೂಟುಗಳನ್ನು ತಂದಿಟ್ಟು, "ನಿಮಗೆ ಒಂಚೂರು ಬಿಗಿ ಆಗ್ಬಹುದು, ನಾಲ್ಕು ದಿನ ಆದ್ಮೇಲೆ ಸರಿಹೋಗುತ್ತೆ" ಎಂದು ಸಮಾಧಾನ ಹೇಳಿದರು. ಸೇತುವೆಯವರು ಕೊಡೆ ವಾಪಸು ಕೊಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಲಿಸ್ಟಣ್ಣ, ನಿನ್ನಂಥೋನು ಸಿಗಲ್ಲ ಕಣೋ. ಮನೇಲಿ ಬೇಜಾರ್ ಮಾಡ್ಕೋಬಾರ್ದು, ಅದನ್ನ ನಂಗೆ ಬಿಡು. ನಾನು ನೋಡ್ಕೋತೀನಿ."

ಏನು ನೋಡಿಕೊಳ್ಳುತ್ತಾರೆ ಎಂದು ಕೇಳುವ ಚೈತನ್ಯ ಲಿಸ್ಟಣ್ಣನಿಗೆ ಇರಲಿಲ್ಲ.

ಸಂಜೆ ಒಂದು ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಮನೆಯ ಮೆಟ್ಟಿಲು ಹತ್ತಿದ. ಹೆಂಡತಿಗೆ ಹೇಗಾದರೂ ಹೇಳಬಹುದು, ಬೈಯುತ್ತಾಳೆ, ಒಂದು ದಿನ ಮಾತು ಬಿಡುತ್ತಾಳೆ. ಆದರೆ ಮಗಳಿಗೆ? ಆ ಬಕೆಟ್ಟು, ಆ ಸಲಿಕೆ? ದಾರಿಯುದ್ದಕ್ಕೂ ಒಂದು ಮಾತು ಜೋಡಿಸಿದ್ದ, ಬಾಗಿಲು ತಟ್ಟುವಾಗ ಅದೂ ಮರೆತುಹೋಯಿತು.

ಬಾಗಿಲು ತೆಗೆದವಳು ಮಗಳೇ. ಅಳುತ್ತಿರಲಿಲ್ಲ. ತಲೆಯ ಮೇಲೆ ಟವೆಲ್ಲು ಸುತ್ತಿಕೊಂಡು ಕುಣಿಯುತ್ತಿದ್ದಳು.

"ಅಪ್ಪಾ, ನೀನು ಬರಲ್ವಂತೆ! ಸೇತುವೆ ಅಂಕಲ್ ಫೋನ್ ಮಾಡಿದ್ರು. ಅವ್ರ ಕಾರಲ್ಲೇ ಹೋಗೋದಂತೆ. ಮೊದಲನೇ ಅಲೆಗೆ ಅವ್ರೇ ನನ್ನ ಕೈ ಹಿಡ್ಕೊಂಡು ನಿಲ್ಲಿಸ್ತಾರಂತೆ!"

ಲಿಸ್ಟಣ್ಣ ಹೊಸಿಲಲ್ಲೇ ನಿಂತ. ಒಳಗಿನಿಂದ ಹೆಂಡತಿ ಬಂದಳು. ಮುಖದಲ್ಲಿ ಸಿಟ್ಟು ಇರಲಿಲ್ಲ, ಕನಿಕರ ಇತ್ತು. ಸಿಟ್ಟೇ ಆಗಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

"ಎಲ್ಲ ಹೇಳಿದ್ರು ಕಣ್ರೀ ಸೇತುವೆಯವರು. ಪಾಪ, ಎಷ್ಟು ಒಳ್ಳೆಯವರು. ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು. ಹೇಗೂ ನಿಮ್ಮ ಮಂಚ ಖಾಲಿ ಇರುತ್ತಲ್ಲ, ಅವರ ಹೆಂಡ್ತೀನೂ ನಮ್ಮ ಕೋಣೇಲೇ ಇರ್ತಾರೆ. ಅವರು ವರಾಂಡದಲ್ಲಿ ಎಲ್ಲಾದ್ರೂ ಹಾಸ್ಕೋತಾರಂತೆ. ಕೋಣೆ ಸುಮ್ನೆ ಹಾಳಾಗ್ಬಾರ್ದಲ್ಲ."

"ನೀವು… ನೀವು ಹೋಗ್ತಿದೀರಾ?"

"ಮತ್ತೆ? ಆ ಮಗು ಮುಖ ನೋಡಿ ಒಂದ್ಸಲ."

ಲಿಸ್ಟಣ್ಣ ನೋಡಿದ. ಅವಳು ನೆಲದ ಮೇಲೆ ಮಲಗಿ ಈಜುತ್ತಿದ್ದಳು. ಅವನು ಕುರ್ಚಿಯಲ್ಲಿ ಕುಸಿದು, ಹೆಲ್ಮೆಟ್ಟನ್ನು ತೊಡೆಯ ಮೇಲೆ ಇ‌ಟ್ಟುಕೊಂಡ. ಮಗಳು ಈಜುವುದನ್ನು ನಿಲ್ಲಿಸಿ, "ನಿಂಗೆ ಒಂದು ಬಾಟಲೀಲಿ ಸಮುದ್ರ ತರ್ತೀನಪ್ಪ" ಎಂದು ಕೆನ್ನೆ ಸವರಿ ಹೋದಳು.

ಆಗಲೇ ಹಾಲಿನವನು ಬಂದು ಕರೆಗಂಟೆ ಒತ್ತಿದ. ಹೆಂಡತಿ ಪಾತ್ರೆ ಹಿಡಿದುಕೊಂಡು ಹೋದಳು.

"ನೋಡಪ್ಪಾ, ಹತ್ತರಿಂದ ಇಪ್ಪತ್ತರವರೆಗೆ ಹಾಲು ಬೇಡ. ಮನೇಲಿ ಯಾರೂ ಇರಲ್ಲ."

"ನಾನಿರ್ತೀನಲ್ಲೇ!" ಎಂದು ಲಿಸ್ಟಣ್ಣ ಕುರ್ಚಿಯಿಂದಲೇ ಕೂಗಿದ.

ಹೆಂಡತಿ ತಿರುಗಿ ನೋಡಿದಳು.

"ಹನ್ನೊಂದು ಕೆಲಸ ಇಟ್ಕೊಂಡು ನೀವೆಲ್ಲಿ ಮನೇಲಿ ಇರ್ತೀರಿ ಬಿಡಿ" ಎಂದಳು. ಹಾಲಿನವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತನ್ನ ಪುಸ್ತಕದಲ್ಲಿ ಬರೆದುಕೊಂಡ: ಹತ್ತರಿಂದ ಇಪ್ಪತ್ತು, ಯಾರೂ ಇಲ್ಲ.